ಪುಟ್ಟುವಿನ ಹಳೆ ಪಿಸ್ತೂಲಿನ ವಿಷಯ

ಡಾಲಸ್, ಟೆಕ್ಸಾಸ್

ತೀರ್ಥರೂಪ ಸಮಾನರಾದ ಚಿಕ್ಕಪ್ಪನಿಗೆ ನಮಸ್ಕಾರಗಳು.

ಇತ್ತ ಎಲ್ಲರೂ ಕ್ಷೇಮ. ಪುಟ್ಟು ಇಲ್ಲಿ ಯಾವುದೋ ಹಳೆ ಮಿಲಿಟರಿ ಪಿಸ್ತೂಲು ತಗೊಂಡು, ಅದನ್ನು ಬಿಚ್ಚಿ ರಿಪೇರಿ ಮಾಡಿ, ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಾನಂತೆ, ಚಿಕ್ಕಮ್ಮನಿಗೆ ಊಟ ಸೇರುತ್ತಿಲ್ಲ ಎಂದು ಬರೆದಿದ್ದಿರಿ. ತೋಟಕ್ಕೆ ಹಂದಿ ಬಿದ್ದಾಗ ಜೋಡು ನಳಿಗೆ ಕೋವಿ ಹಿಡಿದು ಹೊರಡುವ ನಿಮಗೆ ಅರ್ಧ ವಿಷಯ ಗೊತ್ತೇ ಇದೆ. ಉಳಿದರ್ಧ ಬರೆಯುತ್ತೇನೆ. ಚಿಕ್ಕಮ್ಮನಿಗೆ ಎಷ್ಟು ಬೇಕೋ ಅಷ್ಟು ಓದಿ ಹೇಳಿ, ಇಡೀ ಕಾಗದದ ಫೋಟೊ ತೆಗೆದು ಪುಟ್ಟುವಿಗೆ ಕಳಿಸಿ.

ಮೊದಲು ಕಾನೂನು. ಅವನಿಗೆ ಗ್ರೀನ್ ಕಾರ್ಡ್ ಬಂದಿರುವುದರಿಂದ ತೊಂದರೆಯಿಲ್ಲ. ಎಚ್-1ಬಿ (ಕೆಲಸದ), ಎಚ್-4 (ಅವರ ಮನೆಯವರ) ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದೇ ಕೇಂದ್ರ ಕಾನೂನಿನ ಪ್ರಕಾರ ಅಪರಾಧ, ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೊಂದು ವಿನಾಯಿತಿ. ಅವನ ರೂಮಿನಲ್ಲಿರುವ ಹುಡುಗರು ಎಚ್-1ಬಿಯವರಾದರೆ, 'ಒಂದ್ಸಲ ಕೊಡೋ, ಎರಡು ದಿನ ಇಟ್ಕೋತೀನಿ' ಅಂದರೂ ಕೊಡಬಾರದು.

ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ತುಂಬಿದವರು, ಬೇರೆ ಕಾನೂನಿನ ಅಡ್ಡಿ ಇಲ್ಲದಿದ್ದರೆ, ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಜೊತೆಗೆ ಒಯ್ಯಬಹುದು. ಆದರೂ ಲೈಸೆನ್ಸ್ ಮಾಡಿಸಿಕೊಳ್ಳಲಿ. ಶಾಲೆಯ ಸುತ್ತ 1000 ಅಡಿಯೊಳಗೆ ಬಂದೂಕು ಒಯ್ಯಬಾರದು ಎನ್ನುವ ಕೇಂದ್ರ ಕಾನೂನಿನಿಂದ ರಾಜ್ಯದ ಲೈಸೆನ್ಸ್ ಇದ್ದವರಿಗೆ ಮಾತ್ರ ರಿಯಾಯಿತಿ. ಊರೊಳಗೆ ಕಾರು ಓಡಿಸಿದರೆ ಶಾಲೆ ಸಿಗದ ದಾರಿಯೇ ಇಲ್ಲ. ಶುಲ್ಕ 40 ಡಾಲರ್, ಒಂದು ದಿನದ ಪಾಠ, ಆಮೇಲೆ 50 ಗುಂಡಿನ ಪರೀಕ್ಷೆ: 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. ಹಂದಿಗೆ ಗುರಿಯಿಡುವ ನಿಮಗೆ ನಗು ಬರಬಹುದು, ಆದರೆ ಇಷ್ಟು ಪುಟ್ಟ ನಳಿಗೆಯಲ್ಲಿ 15 ಗಜವೂ ದೂರವೇ.

ಈಗ ಪಿಸ್ತೂಲು. ಅವನು ಆರಿಸಿರುವುದು ಬಲ್ಗೇರಿಯದ ಮಕರೋವ್, ಕಜನ್‌ಲಕ್‌ನ ಕಾರ್ಖಾನೆಯದ್ದು. ವೃತ್ತದೊಳಗೆ 10 ಎಂಬ ಮುದ್ರೆ ಇರುತ್ತದೆ. 1951ರಲ್ಲಿ ಸೋವಿಯತ್ ಸೈನ್ಯ ಒಪ್ಪಿಕೊಂಡ ಮಾದರಿ, ತೂಕ 730 ಗ್ರಾಂ, ಉದ್ದ 161 ಮಿಲಿಮೀಟರ್, ಮ್ಯಾಗಜೀನಿಗೆ 8 ತೋಟಾ. ನಳಿಗೆ ಫ್ರೇಮಿಗೇ ಕೂತಿರುತ್ತದೆ, ಅಲುಗಾಡುವುದಿಲ್ಲ. ಬಿಡಿಭಾಗ ಕಡಿಮೆ, ಹಾಗಾಗಿ ಕೆಡುವುದೂ ಕಡಿಮೆ. ಆಯ್ಕೆ ಚೆನ್ನಾಗಿದೆ.

ಇಂಥ ಮಾಲು ಗೋದಾಮಿನಿಂದ ಬರುವುದು ಕಾಸ್ಮೊಲಿನ್ ಎಂಬ ಜಿಗುಟು ಗ್ರೀಸಿನಲ್ಲಿ ಮುಳುಗಿ. ಹೊರಗಡೆ ಒರೆಸಿ ಹೊಳಪು ಬಂತೆಂದು ಅಷ್ಟಕ್ಕೇ ಬಿಡುತ್ತಾರೆ, ಎಡವಟ್ಟಾಗುವುದು ಅಲ್ಲೇ. ಮ್ಯಾಗಜೀನ್ ತೆಗೆದು, ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದೆಳೆದು ನಳಿಗೆ ಖಾಲಿಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಬೇಕು. ಟ್ರಿಗರ್ ಗಾರ್ಡನ್ನು (ಟ್ರಿಗರ್ ಸುತ್ತಲಿನ ಬಳೆ) ಕೆಳಕ್ಕೆಳೆದು ಒಂದು ಪಕ್ಕಕ್ಕೆ ಒತ್ತಿ ನಿಲ್ಲಿಸಿ, ಸ್ಲೈಡನ್ನು ಪೂರ್ತಿ ಹಿಂದೆಳೆದು ಹಿಂಭಾಗ ಎತ್ತಿ ಮುಂದಕ್ಕೆ ಬಿಟ್ಟರೆ ಬಿಚ್ಚಿ ಬರುತ್ತದೆ. ಹಿಡಿಯ ಒಂದೇ ಸ್ಕ್ರೂ ತೆಗೆದು ಹಿಡಿಯನ್ನು ಬೇರೆ ಇಡಲಿ, ಬೇಕಲೈಟನ್ನು (ಹಳೆ ಕಾಲದ ಪ್ಲಾಸ್ಟಿಕ್) ನೆನೆಹಾಕಬಾರದು. ಉಕ್ಕಿನ ಭಾಗಗಳನ್ನು ಅರ್ಧ ಲೀಟರ್ ಮಿನರಲ್ ಸ್ಪಿರಿಟ್ಸ್‌ನಲ್ಲಿ ಅರ್ಧ ಗಂಟೆ ಬಿಟ್ಟು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಸಾಕು. ನಮ್ಮ ಸೀಮೆಎಣ್ಣೆಯೂ ಅದೇ ಕೆಲಸ ಮಾಡುತ್ತದೆ. ಪೆಟ್ರೋಲ್ ಬೇಡ, ಕೆಲಸ ಗ್ಯಾರೇಜಿನ ಬಾಗಿಲು ತೆರೆದೇ ಆಗಲಿ.

ಮುಖ್ಯವಾದದ್ದು ಫೈರಿಂಗ್ ಪಿನ್ನಿನ, ಅಂದರೆ ತೋಟಾದ ಹಿಂಭಾಗಕ್ಕೆ ಬಡಿಯುವ ಕಡ್ಡಿಯ, ಕೊಳವೆ. ಮಕರೋವ್‌ನಲ್ಲಿ ಈ ಪಿನ್ನಿಗೆ ಸ್ಪ್ರಿಂಗೇ ಇಲ್ಲ, ತನ್ನ ಪಾಡಿಗೆ ಹಿಂದೆಮುಂದೆ ಓಡಾಡುತ್ತದೆ. ಗ್ರೀಸ್ ಗಟ್ಟಿಯಾಗಿ ಪಿನ್ನು ಮುಂದೆಯೇ ಸಿಕ್ಕಿಬಿದ್ದರೆ, ಸ್ಲೈಡ್ ಮುಚ್ಚುವಾಗಲೇ ಗುಂಡು ಹಾರಬಹುದು. ಹಿಂದೆ ಸಿಕ್ಕಿದರೆ ಬೇಕಾದಾಗ ಹಾರುವುದಿಲ್ಲ. ಬಿಚ್ಚಿದ ಸ್ಲೈಡಿನಲ್ಲಿ ಸೇಫ್ಟಿಯನ್ನು (ಗುಂಡು ಹಾರದಂತೆ ತಡೆಯುವ ಕೀಲಿ) ಮೇಲಿನ ಮಿತಿಗಿಂತ ಇನ್ನಷ್ಟು ತಿರುಗಿಸಿ ಪಕ್ಕಕ್ಕೆ ಎಳೆದರೆ ಈಚೆ ಬರುತ್ತದೆ, ಸ್ಲೈಡ್ ಓರೆ ಮಾಡಿದರೆ ಪಿನ್ನು ಅಂಗೈಗೆ ಬೀಳುತ್ತದೆ. ಕೊಳವೆಗೆ ಬಟ್ಟೆ ಸುತ್ತಿದ ಕಡ್ಡಿ ಹಾಕಿ, ಕಪ್ಪು ಬರುವುದು ನಿಲ್ಲುವವರೆಗೂ ಒರೆಸಲಿ. ಅದರೊಳಗೆ ಮತ್ತೆ ಎಣ್ಣೆ ಹಾಕಬಾರದು, ಒಣಗಿಯೇ ಇರಬೇಕು. ಜೋಡಿಸಿದ ಮೇಲೆ ಸೇಫ್ಟಿ ಕೆಳಗಿಳಿಸಿ, ಬರೀ ಸ್ಲೈಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಲಿ. ಒಣಗಿದ ಗೋಟಡಿಕೆಯೊಳಗೆ ಬೀಜ ಅಲುಗಿದ ಹಾಗೆ ಟಿಕ್ ಟಿಕ್ ಎನ್ನಬೇಕು. ಸದ್ದಿಲ್ಲದಿದ್ದರೆ ಇನ್ನೂ ಗ್ರೀಸಿದೆ ಎಂದೇ ಲೆಕ್ಕ. ಪಿನ್ನು ಹೀಗಿರುವುದರಿಂದಲೇ ನಳಿಗೆಗೆ ಕೈಯಿಂದ ತೋಟಾ ಇಳಿಬಿಟ್ಟು ಸ್ಲೈಡ್ ಬಿಡಬಾರದು. ಯಾವಾಗಲೂ ಮ್ಯಾಗಜೀನಿನಿಂದಲೇ ಏರಬೇಕು.

ಇನ್ನು ಬದಲಾವಣೆ. ಪುಟ್ಟುವಿನ ಪಟ್ಟಿಯಲ್ಲಿ ಏನೇನಿದೆಯೋ, ನನ್ನ ಪ್ರಕಾರ ಮೂರು ಸಾಕು.

ಒಂದು, ಸ್ಲೈಡನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್, ನಳಿಗೆಗೆ ಸುತ್ತಿಕೊಂಡಿರುವುದು. ಗೋದಾಮಿನಲ್ಲಿ ದಶಕಗಟ್ಟಲೆ ಕೂತದ್ದರ ಚರಿತ್ರೆ ಯಾರಿಗೆ ಗೊತ್ತು, ಹೊಸದು ಹಾಕುವುದೇ ಮೇಲು. ಮೂಲದ ಶಕ್ತಿ ಸುಮಾರು 17 ಪೌಂಡ್, 19 ಪೌಂಡಿನದ್ದೂ ಸಿಗುತ್ತದೆ. ಗಟ್ಟಿಯದ್ದು ಹಾಕಿದರೆ ಒದೆತ ಮೆತ್ತಗಾಗುತ್ತದೆ ನಿಜ, ಆದರೆ ತೋಟಾ ಸಾದಾ ಇದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಮುಂದಿನ ತೋಟಾ ಎತ್ತಿಕೊಳ್ಳದೆ ಹೋಗಬಹುದು. 17ರದ್ದೇ ಹಾಕಲಿ. ಈ ಸ್ಪ್ರಿಂಗಿನ ಒಂದು ತುದಿಯ ಸುತ್ತು ಬಿಗಿಯಾಗಿರುತ್ತದೆ, ಆ ತುದಿಯೇ ಮೊದಲು ನಳಿಗೆಯ ಮೇಲೆ ಹೋಗಬೇಕು. ತಿರುವುಮುರುವಾದರೆ ಸ್ಪ್ರಿಂಗ್ ಸರಿಯಾಗಿ ಕೂರದೆ ಕಾಟ ಕೊಡುತ್ತದೆ.

ಎರಡು, ಗುರಿಕಾಯಿ. ಮಕರೋವ್‌ನದ್ದು ಹೆಸರಿಗಷ್ಟೇ. ಮುಂದಿನ ಕಾಯಿಯ ಹಿಂಬದಿಯನ್ನು ಸ್ಪಿರಿಟ್‌ನಿಂದ ಒರೆಸಿ, ಬೆಂಕಿಕಡ್ಡಿಯ ತುದಿಯಿಂದ ಮೊದಲು ಬಿಳಿ ನೈಲ್ ಪಾಲಿಶ್, ಒಣಗಿದ ಮೇಲೆ ಕಿತ್ತಳೆ ಬಣ್ಣದ್ದು ಬಳಿಯುವುದು. ಹಿಂದಿನದ್ದು ಕಪ್ಪಾಗಿಯೇ ಇರಲಿ.

ಮೂರು, ಹಿಡಿ. ಕೈ ದೊಡ್ಡದಾದರೆ ರಬ್ಬರಿನದ್ದು ಹಾಕಲಿ. ಆದರೆ ರಬ್ಬರ್ ಅಂಗಿಗೆ ಅಂಟಿಕೊಂಡು ಉಬ್ಬು ಕಾಣಿಸುತ್ತದೆ, ಹಳೆ ಬೇಕಲೈಟ್ ಜಾರಿಕೊಂಡು ಹೋಗುತ್ತದೆ.

ಟ್ರಿಗರ್ ಹಗುರ ಮಾಡುತ್ತೇನೆಂದು ಸಿಯರಿಗೆ, ಅಂದರೆ ಎತ್ತಿದ ಕುದುರೆಯನ್ನು (ಹ್ಯಾಮರ್) ತಡೆದು ಹಿಡಿಯುವ ಕೊಕ್ಕಿಗೆ, ಅರ ಹಚ್ಚುವುದು ಮಾತ್ರ ಬೇಡವೇ ಬೇಡ. ಒಂದೆರಡು ಎಳೆ ಹೆಚ್ಚು ಹೋದರೂ ಕುದುರೆ ತಾನಾಗಿ ಬೀಳುತ್ತದೆ. ಒಮ್ಮೆ ಎಳೆದರೆ ಎರಡು ಮೂರು ಹಾರುವಂತಾದರೆ ಇಲ್ಲಿನ ಕಾನೂನಿನ ಕಣ್ಣಿಗೆ ಅದು ಮೆಷಿನ್‌ಗನ್, ನೇರ ಜೈಲು. ಕೊಳ್ಳುವಾಗಲೇ ನೋಡಬೇಕಾದ್ದು ಇದು: ಖಾಲಿ ಪಿಸ್ತೂಲಿನ ಹ್ಯಾಮರ್ ಎತ್ತಿ ನಿಲ್ಲಿಸಿ, ಹೆಬ್ಬೆರಳಿನಿಂದ ಮುಂದಕ್ಕೆ ಬಲವಾಗಿ ಒತ್ತಿದರೆ ಬೀಳಬಾರದು. ಬಿದ್ದರೆ ಅಂಗಡಿಯವನಿಗೇ ವಾಪಸ್.

ತೋಟಾ ವಿಷಯದಲ್ಲಿ ಹೆಸರು ಮೋಸ ಮಾಡುತ್ತದೆ. ಇದೂ '9 ಎಂಎಂ', ಆದರೆ 9x18 ಮಕರೋವ್. ಗುಂಡಿನ ದಪ್ಪ 9.27 ಮಿಮೀ, ಸಾಮಾನ್ಯ 9x19ರದ್ದು 9.02. ಪೆಟ್ಟಿಗೆಯ ಮೇಲೆ ಮಕರೋವ್ ಎಂದು ಬರೆದಿದ್ದರೆ ಮಾತ್ರ ತರಲಿ. ಅಭ್ಯಾಸಕ್ಕೆ 95 ಗ್ರೇನಿನ (ಗ್ರೇನ್ ಗುಂಡಿನ ತೂಕದ ಅಳತೆ) ಸಾದಾ ಗುಂಡು, ಜೊತೆಗೊಯ್ಯಲು ಹಾರ್ನಡಿಯವರ 95 ಗ್ರೇನಿನ ಕ್ರಿಟಿಕಲ್ ಡಿಫೆನ್ಸ್. ಸಾದಾದ್ದು 200 ಹೊಡೆದ ಮೇಲೆ, ಒಯ್ಯುವ ತೋಟಾವನ್ನೂ 50ಕ್ಕೆ ಕಡಿಮೆಯಿಲ್ಲದೆ, ಇರುವ ಎಲ್ಲ ಮ್ಯಾಗಜೀನಿನಲ್ಲೂ ಹೊಡೆದು ನೋಡಲಿ. ಒಂದೇ ಮ್ಯಾಗಜೀನಿನಲ್ಲಿ ಸಿಕ್ಕಿಕೊಂಡರೆ ತಪ್ಪು ಆ ಮ್ಯಾಗಜೀನಿನ ತುಟಿಯದ್ದು (ತೋಟಾ ಹಿಡಿಯುವ ಬಾಯಂಚು) ಅಥವಾ ಸ್ಪ್ರಿಂಗಿನದ್ದು, ಪಿಸ್ತೂಲಿನದ್ದಲ್ಲ.

ಒಯ್ಯುವ ಕ್ರಮ. ಸೇಫ್ಟಿ ಮೇಲೆತ್ತಿದರೆ ಹ್ಯಾಮರ್ ಸುರಕ್ಷಿತವಾಗಿ ಇಳಿಯುತ್ತದೆ, ಸ್ಲೈಡಿಗೂ ಬೀಗ ಬೀಳುತ್ತದೆ. ಕೆಳಗಿಳಿಸಿದರೆ ಸಿದ್ಧ. ತೋಟಾ ಏರಿಸಿದ ಮೇಲೆ ಮರಳು ತುಂಬಿದ ಬಕೆಟ್ಟಿನ ಕಡೆ ಬಾಯಿ ಮಾಡಿ ಸೇಫ್ಟಿ ಎತ್ತುವುದು. ಎಚ್ಚರ ಬೇಕಾದ್ದು ಖಾಲಿ ಮಾಡುವಾಗ: ಸ್ಲೈಡ್ ಎಳೆಯಲು ಸೇಫ್ಟಿ ಇಳಿಸಲೇಬೇಕು, ಅಷ್ಟು ಹೊತ್ತು ಬೆರಳು ಟ್ರಿಗರ್‌ನಿಂದ ಹೊರಗೆ. ದಿನಾ ರಾತ್ರಿ ಖಾಲಿ ಮಾಡಿ ಬೆಳಿಗ್ಗೆ ಅದೇ ತೋಟಾ ಮತ್ತೆ ಮತ್ತೆ ಏರಿಸಿದರೆ ಗುಂಡು ಕೇಸಿನೊಳಗೆ ಕುಸಿಯುತ್ತದೆ, ಒತ್ತಡ ಏರುತ್ತದೆ. ಹೊಸ ತೋಟಾದ ಪಕ್ಕ ನಿಲ್ಲಿಸಿ ನೋಡಲಿ, ಗಿಡ್ಡವಾಗಿದ್ದರೆ ಬಿಸಾಡುವ ಡಬ್ಬಕ್ಕೆ.

ಹೋಲ್‌ಸ್ಟರ್ (ಪಿಸ್ತೂಲಿನ ಚೀಲ) ಟ್ರಿಗರ್ ಗಾರ್ಡನ್ನು ಪೂರ್ತಿ ಮುಚ್ಚಬೇಕು. ಪ್ಯಾಂಟಿನ ಒಳಗೆ, ಬಲಸೊಂಟದ ಸ್ವಲ್ಪ ಹಿಂದೆ. ಬೆಲ್ಟು ಒಂದೂವರೆ ಇಂಚು ಅಗಲದ ಗಟ್ಟಿ ಚರ್ಮದ್ದು, ತೆಳು ಬೆಲ್ಟಾದರೆ ಮುಕ್ಕಾಲು ಕಿಲೋ ಜೋತುಬೀಳುತ್ತದೆ. ಇಲ್ಲಿನ ಬೇಸಗೆಯ ಬೆವರಿಗೆ ಉಕ್ಕು ವಾರದೊಳಗೆ ಕಂದುತ್ತದೆ, ನಿಮ್ಮ ಕೋವಿಗೆ ಮಳೆಗಾಲ ಹೇಗೋ ಹಾಗೆ. ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಿಂದ ಒರೆಸಬೇಕು, ಚರ್ಮದ ಚೀಲದಲ್ಲಿಟ್ಟು ತಿಂಗಳುಗಟ್ಟಲೆ ಮರೆಯಬಾರದು. ಮನೆಗೆ ಮಕ್ಕಳು ಬರುವುದಿದ್ದರೆ ಬೀಗದ ಪೆಟ್ಟಿಗೆ. 17 ತುಂಬದವರ ಕೈಗೆ ಸಿಗುವಂತೆ ಬಿಟ್ಟರೆ ಇಟ್ಟವನ ಮೇಲೇ ಕೇಸು.

ಬೋರ್ಡು ಓದುವ ಅಭ್ಯಾಸ ಬೇಕು. ಅಂಗಡಿ, ಆಸ್ಪತ್ರೆ, ದೇವಸ್ಥಾನದ ಬಾಗಿಲಲ್ಲಿ 30.06 ಎಂದು ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಬರೆದಿದ್ದರೆ, ಲೈಸೆನ್ಸ್ ಇದ್ದವನೂ ಮುಚ್ಚಿಟ್ಟುಕೊಂಡು ಒಳಗೆ ಹೋಗುವಂತಿಲ್ಲ. ಕೆಂಪಕ್ಷರದ 51% ಎಂಬ ಬೋರ್ಡಿದ್ದರೆ ಅದು ಹೆಂಡದ ಬಾರ್, ಅಲ್ಲಿಗೂ ಒಯ್ಯುವಂತಿಲ್ಲ. ಅಂಚೆ ಕಚೇರಿಗೂ ಒಯ್ಯುವಂತಿಲ್ಲ. ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವ ಶಾಲೆಯ ಸಭಾಂಗಣದಲ್ಲಿ ಇದ್ದರೆ ಪಿಸ್ತೂಲು ಮನೆಯಲ್ಲೇ ಬಿಟ್ಟು ಹೋಗಲಿ. ಇದನ್ನೆಲ್ಲ ಓದಿದರೆ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕೋವಿ ಒಪ್ಪಿಸಿ ರಸೀದಿ ತರುವ ನಿಮ್ಮ ಕಷ್ಟವೇ ವಾಸಿ ಅನ್ನಿಸಬಹುದು!

ಚಿಕ್ಕಮ್ಮನಿಗೆ ಇದೊಂದನ್ನು ಖಂಡಿತ ಓದಿ ಹೇಳಿ. ಅವನು ದೀಪಾವಳಿಗೆ ಊರಿಗೆ ಬರುವಾಗ ಶೂಟಿಂಗ್ ರೇಂಜಿಗೆ ಒಯ್ಯುವ ಚೀಲವನ್ನು ತರಲೇಬಾರದು. ಪಕ್ಕದ ಜೇಬಿನಲ್ಲಿ ಮರೆತ ಒಂದೇ ಒಂದು ತೋಟಾ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೂ ಶಸ್ತ್ರಾಸ್ತ್ರ ಕಾಯ್ದೆಯ ಕೇಸು. ಊರಿನ ಬಸ್ಸಿನ ಬದಲು ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು. ಆ ಚೀಲಕ್ಕೆ ಕೆಂಪು ದಾರ ಕಟ್ಟಿ ಗ್ಯಾರೇಜಿನ ಮೊಳೆಗೆ ನೇತುಹಾಕಲು ಹೇಳಿ.

ಅಜ್ಜಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗನಂಥ
ಸುಬ್ಬು