ಬ್ರೇಸಾ, ಆಪರೇಷನ್ನಾ?

ಸಂಪಾದಕರೇ,

ನಮ್ಮಪ್ಪಂಗೂ ನಂಗೂ ಇರೋದು ಒಂದೇ ಕಾಯಿಲೆ, ಶಾರ್ಕೋ-ಮೇರಿ-ಟೂತ್, ಸಿಎಂಟಿ ಅಂತಾರೆ. ಹೆಸರಲ್ಲಿ ಟೂತ್ ಇದ್ರೂ ಹಲ್ಲಿಗೇನೂ ಸಂಬಂಧ ಇಲ್ಲ, 1886ರಲ್ಲಿ ಇದರ ಬಗ್ಗೆ ಬರೆದ ಮೂವರು ಡಾಕ್ಟರ್‌ಗಳ ಹೆಸರು ಅಷ್ಟೇ. ನರದ ಕಾಯಿಲೆ, ವಂಶದಲ್ಲಿ ಬರತ್ತೆ. ನಾನು ಕಾಲು ಎತ್ತೆತ್ತಿ ಹಾಕೋದು ನೋಡಿದೋರು ಮೊದ್ಲು ಪೋಲಿಯೋನಾ ಅಂತಾರೆ, ಆಮೇಲೆ ಕಾಲಿಗೆ ಆಸರೆಯಾಗಿ ಕಟ್ಟೋ ಈ ಬ್ರೇಸ್ ಯಾಕೆ, ಆಪರೇಷನ್ ಮಾಡಿಸ್ಕೊಂಡ್ರೆ ಒಂದೇ ಸಲಕ್ಕೆ ಮುಗಿಯಲ್ವಾ ಅಂತಾರೆ.

ಮುಗಿಯಲ್ಲ. ಎರಡೂ ಮಾಡೋ ಕೆಲಸಾನೇ ಬೇರೆ. ಜೋತು ಬೀಳೋ ಪಾದನ ಬ್ರೇಸ್ ಎತ್ತಿ ಹಿಡಿಯತ್ತೆ, ಹಾಕ್ಕೊಂಡ ಮೊದಲ್ನೇ ದಿನ ಮೆಟ್ಟಿಲು ಹತ್ತುವಾಗ ಒಂದ್ಸಲಾನೂ ಎಡವಲಿಲ್ಲ ನಾನು. ಆದ್ರೆ ಈ ಕಾಯಿಲೆಲಿ ಕೆಲವು ಸ್ನಾಯು ಬೇಗ ಸೋಲ್ತವೆ, ಇನ್ನು ಕೆಲವು ಗಟ್ಟಿಯಾಗೇ ಇದ್ದು ಎಳೀತಾ ಇರ್ತವೆ, ಅದರಿಂದ ಪಾದದ ಕಮಾನು ಎತ್ತರ ಆಗಿ ಹಿಮ್ಮಡಿ ಒಳಗಡೆ ವಾಲತ್ತೆ, ಇಡೀ ಭಾರ ಹೊರಅಂಚಿನ ಮೇಲೆ. ಹಂಗೆ ಸೊಟ್ಟ ಆದ ಪಾದನ ಬ್ರೇಸ್ ಒಳಗೆ ತುರುಕಿದ್ರೆ ಚರ್ಮ ಉಜ್ಜತ್ತೆ, ಸ್ಪರ್ಶ ಕಮ್ಮಿ ಇರೋದ್ರಿಂದ ಗೊತ್ತೂ ಆಗಲ್ಲ. ಸಾಕ್ಸಲ್ಲಿ ರಕ್ತ ಕಂಡ್ಮೇಲೇ ನಂಗೆ ಗೊತ್ತಾಗಿದ್ದು.

ಸರ್ಜನ್ ನನ್ನ ಹಿಮ್ಮಡಿ, ಪಾದದ ಹೊರಅಂಚು ಎರಡನ್ನೂ ಒಂದು ಮರದ ತುಂಡಿನ ಮೇಲೆ ಇಡಿಸಿ, ಹೆಬ್ಬೆರಳ ಕಡೆ ಭಾಗ ಕೆಳಗಿಳಿಯೋಕೆ ಬಿಟ್ಟು, ಹಿಂದ್ಗಡೆಯಿಂದ ನೋಡಿದ್ರು. ಹಿಮ್ಮಡಿ ನೆಟ್ಟಗಾಯ್ತು. ಅಂದ್ರೆ ಕೀಲು ಇನ್ನೂ ಬಿಗಿದಿಲ್ಲ, ಕೀಲು ಉಳಿಸಿಕೊಂಡೇ ಸರಿಮಾಡಬಹುದು. ಕಾಲಿನ ಹಿಂದಿನ ಒಂದು ಸ್ನಾಯುರಜ್ಜುನ, ಅಂದ್ರೆ ಸ್ನಾಯುನ ಮೂಳೆಗೆ ಕಟ್ಟಿರೋ ಹುರಿನ, ಪಾದದ ಮೇಲ್ಭಾಗಕ್ಕೆ ತಂದು ಜೋಡಿಸಿದ್ರು, ಹೆಬ್ಬೆರಳ ಹಿಂದಿನ ಮೂಳೆ ಕತ್ತರಿಸಿ ಎತ್ತಿ ಕೂರಿಸಿದ್ರು, ಆರು ವಾರ ಆ ಕಾಲು ನೆಲಕ್ಕೆ ಊರೋ ಹಾಗಿರ್ಲಿಲ್ಲ. ಅಪ್ಪನ ಕಾಲಕ್ಕೆ ಮೂರು ಕೀಲು ಬೆಸೆದುಬಿಡೋರು, ಪಾದ ನೆಟ್ಟಗೇನೋ ಆಯ್ತು, ವರ್ಷಗಳಾದ್ಮೇಲೆ ಮೇಲಿನ ಕಣಕಾಲಿನ ಕೀಲು ಸವೆದು ಅದರದ್ದೇ ನೋವು ಶುರುವಾಯ್ತು.

ನನ್ನ ನರ ರಿಪೇರಿ ಆಗಿಲ್ಲ, ಆಗೋದೂ ಇಲ್ಲ. ಬ್ರೇಸ್ ಈಗ್ಲೂ ಇದೆ, ಆದ್ರೆ ಮೊದಲಿಗಿಂತ ಹಗುರದ್ದು, ಉಜ್ಜಲ್ಲ. ನಂಗೆ ಸಿಟ್ಟು ಬರೋದು, ಬ್ರೇಸ್ ಮಾಡೋರು ಪಾದದ ಆಕಾರ ಬದಲಾಗ್ತಿರೋದು ನೋಡಿಯೂ ವರ್ಷಗಟ್ಟಲೆ ಹೊಸ ಅಳತೆ ತಗೊಂಡ್ರೇ ಹೊರತು ಒಂದ್ಸಲ ಸರ್ಜನ್‌ಗೆ ತೋರ್ಸಿ ಅನ್ನಲಿಲ್ವಲ್ಲ ಅಂತ. ಮನೇಲಿ ಈ ಕಾಯಿಲೆ ಇರೋರು ಮಕ್ಕಳ ಹಳೇ ಶೂ ತಿರುಗಿಸಿ ನೋಡಿ, ಹೊರಅಂಚು ಮಾತ್ರ ಸವೆದಿದ್ರೆ ಕೀಲು ಬಿಗಿಯೋವರೆಗೂ ಕಾಯಬೇಡಿ.

ಇಂತಿ,
ನಿಮ್ಮ ಓದುಗ