ಪ್ರವಾಸ ಛಾಯಾಗ್ರಹಣ: ಹೊಸಬರಿಗೆ ಬಾಗಿಲು ಎಲ್ಲಿದೆ ಎಂದು ತಿಳಿಸಿ

ಮಾನ್ಯ ಸಂಪಾದಕರೇ,

ಛಾಯಾಗ್ರಹಣದಲ್ಲಿ ಪದವಿಯಾಗಲಿ ಡಿಪ್ಲೊಮಾ ಆಗಲಿ ಇಲ್ಲದೆ, ಹಲವು ವರ್ಷಗಳಿಂದ ಪ್ರವಾಸದ ಚಿತ್ರಗಳನ್ನು ತೆಗೆದು ಅದರಿಂದಲೇ ಜೀವನ ಸಾಗಿಸುತ್ತಿರುವವನು ನಾನು. ಈ ಕೆಲಸಕ್ಕೆ ಬರಬೇಕೆಂದಿರುವ ಯುವಕ ಯುವತಿಯರು ನನ್ನನ್ನು ಮೊದಲು ಕೇಳುವುದು ಯಾವ ಕೋರ್ಸ್ ಮಾಡಬೇಕೆಂದು. ಅವರು ಕೇಳದೆ ಬಿಟ್ಟ ಪ್ರಶ್ನೆಗಳೇ ಮುಂದೆ ಅವರನ್ನು ಕಾಡುವುದನ್ನು ಹತ್ತಿರದಿಂದ ನೋಡಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರಿಕೆಗಳಲ್ಲಿಯೂ ಒಂದು ಕೋರಿಕೆ ಇದೆ.

ಇಷ್ಟು ವರ್ಷಗಳಲ್ಲಿ ಯಾವ ಸಂಪಾದಕರೂ ನನ್ನ ಪ್ರಮಾಣಪತ್ರ ಕೇಳಿಲ್ಲ. ಬ್ರೆಜಿಲ್‌ನ ಸೆಬಾಸ್ಟಿಯಾವೊ ಸಾಲ್ಗಾಡೊ ಓದಿದ್ದು ಅರ್ಥಶಾಸ್ತ್ರ. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಉದ್ಯೋಗ ಬಿಟ್ಟು 1973ರಲ್ಲಿ ಅವರು ಪೂರ್ಣಾವಧಿ ಛಾಯಾಗ್ರಹಣಕ್ಕಿಳಿದರು. ಭಾರತದ ಹೆಸರಾಂತ ಛಾಯಾಗ್ರಾಹಕ ರಘು ರಾಯ್ ಕಲಿತಿದ್ದು ಸಿವಿಲ್ ಎಂಜಿನಿಯರಿಂಗ್. ಮುಂದೆ ದುಡಿಯುವವರನ್ನೂ ವಲಸೆ ಹೋಗುವವರನ್ನೂ ದಶಕಗಳ ಕಾಲ ಚಿತ್ರಿಸಿದ ಸಾಲ್ಗಾಡೊ ಅವರಿಗೆ ಅರ್ಥಶಾಸ್ತ್ರದ ಓದು ವ್ಯರ್ಥವಾಗಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕೃಷಿ, ನರ್ಸಿಂಗ್, ಭೂಗರ್ಭಶಾಸ್ತ್ರ, ಬಡಗಿ ಕೆಲಸ, ಹೀಗೆ ಏನನ್ನೇ ಬಲ್ಲವರಾದರೂ ಆ ಲೋಕವನ್ನು ಹೊರಗಿನವರಿಗಿಂತ ಚೆನ್ನಾಗಿ ನೋಡಬಲ್ಲರು. ಕೋರ್ಸುಗಳನ್ನು ನಾನು ಹಳಿಯುತ್ತಿಲ್ಲ. ಅಲ್ಲಿ ಸಿಗುವ ನಿಷ್ಠುರ ವಿಮರ್ಶೆ ಅಮೂಲ್ಯವಾದದ್ದು. ಅದಿಲ್ಲದವರು ತಮ್ಮ ಚಿತ್ರಗಳ ಕುಂದನ್ನು ಮುಲಾಜಿಲ್ಲದೆ ಹೇಳುವ ಒಬ್ಬರನ್ನಾದರೂ ಹುಡುಕಿಕೊಳ್ಳಲೇಬೇಕು.

ನನ್ನ ಮೊದಲ ದೊಡ್ಡ ತಪ್ಪನ್ನು ಹೇಳಿಬಿಡುತ್ತೇನೆ. ಸಾಲ ಮಾಡಿ ದೂರದ ಕರಾವಳಿಯೊಂದಕ್ಕೆ ಹೋಗಿ, ಎರಡು ವಾರಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದು, ಆಯ್ದ ನೂರನ್ನು ಒಂದು ನಿಯತಕಾಲಿಕಕ್ಕೆ ಒಯ್ದಿದ್ದೆ. ಅಲ್ಲಿನ ಚಿತ್ರ ಸಂಪಾದಕಿ ಒಂದು ದೋಣಿಯ ಚಿತ್ರದ ಮೇಲೆ ಬೆರಳಿಟ್ಟು, ಇದರ ಮೂತಿ ಇಷ್ಟು ಎತ್ತರ ಏಕಿದೆ, ಇದನ್ನು ಕಟ್ಟಿದವರು ಯಾರು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ದೋಣಿಯವನ ಹೆಸರನ್ನೂ ನಾನು ಕೇಳಿಕೊಂಡಿರಲಿಲ್ಲ. ನೂರರಲ್ಲಿ ಒಂದೇ ಒಂದು ಚಿತ್ರ, ಸೂರ್ಯಾಸ್ತದ್ದು, ಅಚ್ಚಾಯಿತು. ಅಂಥ ಚಿತ್ರ ಅವರ ಬಳಿ ಮೊದಲೇ ಬೇಕಾದಷ್ಟು ಇದ್ದವು ಎಂದು ಆಮೇಲೆ ತಿಳಿಯಿತು.

ಹತ್ತು ಊರುಗಳ ಹತ್ತು ಸುಂದರ ಚಿತ್ರಗಳಿಗಿಂತ ಒಂದೇ ವಿಷಯದ ಹದಿನೈದು ಚಿತ್ರಗಳು ಹೊಸಬರ ಶಕ್ತಿಯನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತವೆ. ಸ್ಥಳದ ಒಟ್ಟು ನೋಟ, ಕೆಲಸದಲ್ಲಿ ತೊಡಗಿದ ಜನ, ಒಂದು ಮುಖ, ಕೈಗಳ ಅಥವಾ ಉಪಕರಣದ ಸಮೀಪದ ನೋಟ, ದಿನ ಮುಗಿಯುವ ಹೊತ್ತು, ಇವೆಲ್ಲ ಸೇರಿದಾಗ ಮಾತ್ರ ಪುಟವನ್ನು ಕಟ್ಟಲು ಸಾಧ್ಯ. ಇದಕ್ಕೆ ವಿಮಾನವೇರಬೇಕಿಲ್ಲ, ಬೆಳಗಿನ ಜಾವಕ್ಕೊಮ್ಮೆ, ಮಳೆಗೊಮ್ಮೆ ಮರಳಿ ಹೋಗಬಹುದಾದಷ್ಟು ಹತ್ತಿರದ ಜಾಗವೇ ಕಲಿಯುವವರಿಗೆ ಹೆಚ್ಚು ಕೊಡುತ್ತದೆ. ಚಿತ್ರದ ಅಡಿಬರಹವನ್ನು ಅದೇ ರಾತ್ರಿ ಬರೆಯಬೇಕು: ಯಾರು, ಎಲ್ಲಿ, ಯಾವಾಗ, ಏನು ಮಾಡುತ್ತಿದ್ದಾರೆ, ಹೆಸರಿನ ಸರಿಯಾದ ಕಾಗುಣಿತವೇನು. ಈ ವಿವರಗಳನ್ನು ಫೈಲಿನೊಳಗಿನ ಐಪಿಟಿಸಿ ಅಂಕಣಗಳಲ್ಲಿ, ಅಂದರೆ ಚಿತ್ರದ ಮಾಹಿತಿ ಬರೆದಿಡಲೆಂದೇ ಇರುವ ಜಾಗಗಳಲ್ಲಿ, ತುಂಬಿದರೆ ಚಿತ್ರ ಕೈ ಬದಲಿಸಿದರೂ ಮಾಹಿತಿ ಸಾಮಾನ್ಯವಾಗಿ ಅದರೊಡನೆ ಹೋಗುತ್ತದೆ. ಕ್ಯಾಮೆರಾದ ಮಾದರಿಯ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ. ಇರುವುದೇ ಸಾಕು.

ಹಕ್ಕುಸ್ವಾಮ್ಯದ ವಿಷಯವನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. 1886ರ ಬರ್ನ್ ಒಪ್ಪಂದವನ್ನು ಒಪ್ಪಿರುವ ದೇಶಗಳಲ್ಲಿ ಹಕ್ಕುಸ್ವಾಮ್ಯ ಪಡೆಯಲು ನೋಂದಣಿ ಬೇಕಿಲ್ಲ, ಕೃತಿ ರೂಪುಗೊಂಡಾಗಲೇ ಅದು ಹುಟ್ಟುತ್ತದೆ. ಆದರೆ ಹಾಗೆ ತಾನಾಗಿ ಬಂದದ್ದನ್ನು ಒಂದು ಸಹಿಯಿಂದ ಕಳೆದುಕೊಳ್ಳಬಹುದು. ಪ್ರವಾಸ ಸಂಸ್ಥೆಯೊಂದರ ಕರಾರಿನಲ್ಲಿದ್ದ ‘ಸಕಲ ಹಕ್ಕುಗಳು, ಶಾಶ್ವತವಾಗಿ’ ಎಂಬ ಸಾಲನ್ನು ಓದದೆ ಸಹಿ ಹಾಕಿದ್ದರಿಂದ, ನಾನೇ ತೆಗೆದ ನಲವತ್ತು ಚಿತ್ರಗಳನ್ನು ಇಂದು ನಾನೇ ಬಳಸುವಂತಿಲ್ಲ. ಎಷ್ಟು ಅವಧಿಗೆ, ಯಾವ ಮಾಧ್ಯಮಕ್ಕೆ, ಎಲ್ಲೆಲ್ಲಿ ಎಂಬುದನ್ನು ಬರಹದಲ್ಲಿ ಪಡೆದೇ ಚಿತ್ರ ಕೊಡಬೇಕು. ಲೇಖನದೊಡನೆ ಬರುವ ಚಿತ್ರಕ್ಕೂ ಜಾಹೀರಾತಿಗೆ ಹೋಗುವ ಚಿತ್ರಕ್ಕೂ ನಿಯಮಗಳು ಬೇರೆ: ಜಾಹೀರಾತಿನಲ್ಲಿ ಗುರುತು ಸಿಗುವ ವ್ಯಕ್ತಿ ಇದ್ದರೆ ಅವರ ಲಿಖಿತ ಒಪ್ಪಿಗೆ ಇರಬೇಕು. ಐಫೆಲ್ ಗೋಪುರದ ರಾತ್ರಿಯ ದೀಪಾಲಂಕಾರಕ್ಕೂ ಹಕ್ಕುಸ್ವಾಮ್ಯವಿದ್ದು, ಅದರ ಚಿತ್ರವನ್ನು ವಾಣಿಜ್ಯ ಉದ್ದೇಶಕ್ಕೆ ಬಳಸಲು ಅನುಮತಿ ಬೇಕೆಂಬುದು ಅನೇಕರಿಗೆ ತಿಳಿದಿಲ್ಲ. ಪ್ರವಾಸಿ ವೀಸಾದಲ್ಲಿ ಹೋಗಿ ಸಂಭಾವನೆಯ ಕೆಲಸ ಮಾಡುವುದು ಹಲವು ದೇಶಗಳಲ್ಲಿ ಅಪರಾಧವೆಂಬುದೂ ನೆನಪಿರಲಿ.

ಆದಾಯದ ವಿಚಾರದಲ್ಲಿ ಮುಚ್ಚುಮರೆ ಮಾಡಿದರೆ ಕಿರಿಯರಿಗೆ ಅನ್ಯಾಯ ಮಾಡಿದಂತೆ. ನಿಯತಕಾಲಿಕಗಳನ್ನೇ ನಂಬಿ ಬದುಕುವವರು ಬಹಳ ಕಡಿಮೆ. ಮದುವೆ, ಸಮಾರಂಭ, ಹೋಟೆಲುಗಳ ಒಳಾಂಗಣ, ತರಬೇತಿ ತರಗತಿ, ಇವುಗಳಿಂದ ಬಂದ ಹಣವೇ ಪ್ರವಾಸದ ಚಿತ್ರಗಳನ್ನು ಸಾಕುತ್ತದೆ. ಆದ್ದರಿಂದ ಮೊದಲ ಕೆಲವು ವರ್ಷ ಇರುವ ಉದ್ಯೋಗವನ್ನು ಬಿಡಬಾರದೆಂದೇ ನನ್ನ ಸಲಹೆ.

ಇನ್ನು ಪತ್ರಿಕೆಗಳಲ್ಲಿ ನನ್ನ ಕೋರಿಕೆ. ‘ಹಣ ಕೊಡಲಾಗದು, ಹೆಸರು ಹಾಕುತ್ತೇವೆ’ ಎಂಬ ಮಾತನ್ನು ಹೊಸಬರು ಮೇಲಿಂದ ಮೇಲೆ ಕೇಳುತ್ತಾರೆ. ಹೆಸರು ಹಾಕುವುದು ಹೇಗೂ ಕರ್ತವ್ಯವಾದ್ದರಿಂದ ಅದನ್ನು ಸಂಭಾವನೆಯಾಗಿ ಎಣಿಸಲಾಗದು. ಅದಕ್ಕಿಂತಲೂ ನೋವಿನ ಸಂಗತಿಯೆಂದರೆ, ಚಿತ್ರಗಳನ್ನು ಯಾರಿಗೆ, ಹೇಗೆ ಕಳುಹಿಸಬೇಕೆಂಬುದೇ ಹೊರಗಿನವರಿಗೆ ತಿಳಿಯದಿರುವುದು. ಆಗ ಪರಿಚಯವುಳ್ಳವರಷ್ಟೇ ಒಳಗೆ ಬರುತ್ತಾರೆ, ಪದವಿಯೂ ಪರಿಚಯವೂ ಇಲ್ಲದವರು ಹೊರಗೇ ಉಳಿಯುತ್ತಾರೆ. ಪ್ರವಾಸದ ಪುಟದ ಕೆಳಗೆ, ಎಷ್ಟು ಚಿತ್ರ ಮತ್ತು ಎಷ್ಟು ಪದಗಳ ಬರಹ ಕಳುಹಿಸಬೇಕು, ಪ್ರಕಟವಾದರೆ ಸಂಭಾವನೆ ಎಷ್ಟು, ಎಷ್ಟು ದಿನಗಳೊಳಗೆ ಉತ್ತರ ಬರುತ್ತದೆ ಎಂಬ ಮೂರು ಸಾಲುಗಳನ್ನು ತಾವು ಪ್ರತಿ ವಾರ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗನಾದ ಒಬ್ಬ ಪ್ರವಾಸ ಛಾಯಾಗ್ರಾಹಕ