ಭಾನುವಾರದ ಸಭೆ, ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4 ಗಂಟೆಗೆ ಬೈತಖೋಲ್ ಅಂಗನವಾಡಿಯಲ್ಲಿ ಸೇರೋಣ. ಮೀನು ಮಾರುವ ಅಕ್ಕಂದಿರು ಮಾರ್ಕೆಟ್‌ನಿಂದ ಬಂದು ಊಟ ಮುಗಿಸಿ ಬರಲಿ ಅಂತಲೇ ಈ ಸಮಯ.

ವಿಷಯ ಗೊತ್ತೇ ಇದೆ, ಮನೆಯಲ್ಲಿ ಹೆಂಗಸರಿಗೆ ಬೀಳುವ ಹೊಡೆತ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಅಂತ ಬೋಟ್ ಬಂದ್, ಕೈಯಲ್ಲಿ ದುಡ್ಡಿಲ್ಲ, ಸಂಜೆಯಾದರೆ ಕುಡಿತ, ಆಮೇಲೆ ಗಲಾಟೆ. ಹಾಗಂತ ಬೋಟ್ ಬಂದ್ ಆಗಿದ್ದೇ ಕಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ, ಹೊಡೆಯುವವರು ಸೀಸನ್‌ನಲ್ಲೂ ಹೊಡೆಯುತ್ತಾರೆ ಅಲ್ವಾ?

ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ಒಬ್ಬರೇ ನುಗ್ಗಬೇಡಿ, ಇಬ್ಬರು ಮೂವರು ಸೇರಿ ಬಾಗಿಲು ತಟ್ಟಿ, ಸಕ್ಕರೆ ಬೇಕಿತ್ತು ಅಂದರೂ ಸಾಕು. ಅಪಾಯ ಜಾಸ್ತಿ ಅನಿಸಿದರೆ ತಕ್ಷಣ 112ಕ್ಕೆ ಫೋನ್ ಮಾಡಿ. ಸಲಹೆ, ಆಶ್ರಯಕ್ಕೆ 181. ಮಕ್ಕಳಿಗೆ ತೊಂದರೆಯಾದರೆ 1098. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯಲ್ಲಿ, ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಕೇಸ್ ಹಾಕುವಂತಿಲ್ಲ ಅಂತ ಬರೆದೇ ಇದೆ. ಮನೆ ಗಂಡನ ಹೆಸರಲ್ಲಿದ್ದರೂ ಹೆಂಡತಿಯನ್ನು ಸುಮ್ನೆ ಹೊರಗೆ ಹಾಕಲು ಬರುವುದಿಲ್ಲ. ವಕೀಲರ ಖರ್ಚಿನ ಚಿಂತೆ ಇದ್ದವರಿಗೆ 15100, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಗ್ರೂಪ್‌ನಲ್ಲಿ ಯಾರ ಹೆಸರು, ಫೋಟೋ, ವಾಯ್ಸ್ ಮೆಸೇಜ್ ಏನೂ ಹಾಕಬೇಡಿ. ಕೆಲವರ ಫೋನ್ ಗಂಡಂದಿರ ಕೈಯಲ್ಲೇ ಇರುತ್ತದೆ, ಸ್ಕ್ರೀನ್‌ಶಾಟ್ ಊರೆಲ್ಲ ಸುತ್ತುತ್ತದೆ. ಹೇಳುವುದಿದ್ದರೆ ನನಗೆ ಫೋನ್ ಮಾಡಿ, ಇಲ್ಲ ಮನೆಗೇ ಬನ್ನಿ. "ಹೊಂದಿಕೊಂಡು ಹೋಗು" ಅಂತ ಬುದ್ಧಿ ಹೇಳುವವರು ಸಭೆಗೆ ಖಂಡಿತ ಬರಬೇಕು!

ಬರುವವರು ಶುಕ್ರವಾರ ರಾತ್ರಿಯೊಳಗೆ "ಬರುತ್ತೇನೆ" ಅಂತ ಇಲ್ಲೇ ಹಾಕಿ. ಯಾರಾದರೂ ಎರಡು ಚಾಪೆ ತನ್ನಿ.